ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವ ಸರಿಯಾದ ಕ್ರಮ

ಮಳೆಗಾಲ ಶುರುವಾದ ಕೂಡಲೇ ಕೇರಿಯ ಬಾವಿಕಟ್ಟೆಯ ಮೇಲೆ ನಿಂತು, ಒಂದು ಪೊಟ್ಟಣ ಬ್ಲೀಚಿಂಗ್ ಪೌಡರನ್ನು ಹಾಗೇ ನೀರಿಗೆ ಸುರಿದು ಹೋಗುವವರಿದ್ದಾರೆ. ಪುಡಿಯ ಸುಣ್ಣ ನೀರಿಗೆ ಸೇರಿ ಗಡಸುತನ ಹೆಚ್ಚುತ್ತದೆ, ಕ್ಲೋರಿನ್ ಒಂದೇ ಕಡೆ ನಿಲ್ಲುತ್ತದೆ. ಕೊಡ ಎತ್ತಿದವರು ವಾಸನೆ ತಾಳಲಾರದೆ ಹಳ್ಳದ ನೀರಿಗೆ ಹೋಗುತ್ತಾರೆ. ವಾಂತಿಭೇದಿ ಹಬ್ಬುವುದಕ್ಕೆ ಅಷ್ಟು ಸಾಕು.

ನೀರು ಕುದಿಸಿ ಕುಡಿಯುವ ಮನೆ ತಾನು ಉಳಿಯುತ್ತದೆ. ಬಾವಿಯನ್ನೇ ಶುದ್ಧ ಮಾಡಿದರೆ ಕುದಿಸಲು ಸೌದೆಯಿಲ್ಲದ ಮನೆಯ ಕೂಸೂ ಉಳಿಯುತ್ತದೆ. ಸಾರ್ವಜನಿಕ ಆರೋಗ್ಯದ ಕೆಲಸ ಇದು. ಇದನ್ನು ಅಂದಾಜಿನಲ್ಲಿ ಮಾಡಬಾರದು.

ಮೊದಲು ನೀರಿನ ಲೆಕ್ಕ. ಬಾವಿಯ ವ್ಯಾಸವನ್ನು ಮೀಟರಿನಲ್ಲಿ ಅಳೆಯಿರಿ. ಕಲ್ಲು ಕಟ್ಟಿದ ಹಗ್ಗ ಇಳಿಸಿ ನೀರಿನ ಆಳ ತೆಗೆಯಿರಿ. ವ್ಯಾಸ × ವ್ಯಾಸ × ಆಳ × 785 ಎಂದರೆ ಲೀಟರ್. 2 ಮೀಟರ್ ಅಗಲ, 3 ಮೀಟರ್ ನೀರಿದ್ದರೆ 9,420 ಲೀಟರ್. ಸಾವಿರ ಲೀಟರಿಗೆ ಒಳ್ಳೆಯ ಪುಡಿ 2.5 ಗ್ರಾಂ, ಅಂದರೆ ಈ ಬಾವಿಗೆ ಸುಮಾರು 24 ಗ್ರಾಂ. ತೂಗಿಯೇ ಹಾಕಿ.

ಒಳ್ಳೆಯ ಪುಡಿ ಎಂದರೆ ಸುಮಾರು 33% ಕ್ಲೋರಿನ್ ಇರುವುದು: ಬಿಳಿ, ಒಣ, ಮೂಗಿಗೆ ರಾಚುವ ವಾಸನೆ. ಗಾಳಿ, ಬೆಳಕು, ತೇವ ತಗಲಿದರೆ ಅದರ ಶಕ್ತಿ ಇಳಿಯುತ್ತದೆ. ಬಿಡಿಯಾಗಿ ಕಟ್ಟಿಕೊಡುವ, ಗಂಟುಗಟ್ಟಿದ ಪುಡಿಯನ್ನು ಬಾವಿಗೆ ತರಲೇಬೇಡಿ. ಅದು ಚರಂಡಿ ಪಕ್ಕ ಉದುರಿಸಲಿಕ್ಕೆ ಸರಿ.

ಎಡವುವುದು ಮುಂದಿನ ಹಂತದಲ್ಲಿ. ಪ್ಲಾಸ್ಟಿಕ್ ಬಕೆಟ್ಟೇ ಇರಲಿ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಪುಡಿಗೆ ಸ್ವಲ್ಪವೇ ನೀರು ಹಾಕಿ ದೋಸೆ ಹಿಟ್ಟಿನಂತೆ ಗಂಟಿಲ್ಲದೆ ಕಲಸಿ. ಆಮೇಲೆ ಮುಕ್ಕಾಲು ಬಕೆಟ್ ನೀರು ತುಂಬಿ ಚೆನ್ನಾಗಿ ತಿರುವಿ, ಹತ್ತು ನಿಮಿಷ ಅಲುಗಿಸದೆ ಇಡಿ. ಸುಣ್ಣ ತಳಕ್ಕಿಳಿದು ಮೇಲೆ ತಿಳಿ ನಿಲ್ಲುತ್ತದೆ. ಆ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಸಿಯಿರಿ. ಗಸಿಯನ್ನು ಬಾವಿಯಿಂದ ದೂರ ಚೆಲ್ಲಿ. ದೊಡ್ಡ ಬಾವಿಯಾದರೆ ಒಂದು ಬಕೆಟ್ಟಿಗೆ 100 ಗ್ರಾಂ ಮೀರದಂತೆ ಹಂಚಿಕೊಳ್ಳಿ.

ತಿಳಿಯಿರುವ ಬಕೆಟ್ಟನ್ನು ಹಗ್ಗಕ್ಕೆ ಕಟ್ಟಿ ನೀರಿನೊಳಕ್ಕೆ ಮುಳುಗಿಸಿ. ಮೇಲಿಂದ ಎರಚಿದರೆ ಮೇಲಿನ ನೀರಿಗಷ್ಟೇ ಮದ್ದು. ಬಕೆಟ್ಟನ್ನು ಮೇಲೆ ಕೆಳಗೆ, ಅತ್ತ ಇತ್ತ ಜೋರಾಗಿ ಆಡಿಸಿ ಬಾವಿಯನ್ನೇ ಕದಡಬೇಕು. ರಟ್ಟೆ ನೋಯುವ ಕೆಲಸ, ಇಬ್ಬರಿದ್ದರೆ ಒಳ್ಳೆಯದು.

ಒಂದು ಗಂಟೆ ಯಾರೂ ನೀರು ಸೇದಬಾರದು. ಆದ್ದರಿಂದ ರಾತ್ರಿ, ಎಲ್ಲರೂ ಸೇದಿಯಾದ ಮೇಲೆ ಹಾಕುವುದೇ ಸರಿ.

ಗಂಟೆ ಕಳೆದ ಮೇಲೆ ನೀರಿನಲ್ಲಿ ಎಷ್ಟು ಕ್ಲೋರಿನ್ ಉಳಿದಿದೆ ಎಂದು ತೋರಿಸುವ ಓ.ಟಿ. (ಆರ್ಥೊಟಾಲಿಡಿನ್) ಪರೀಕ್ಷೆ ಮಾಡಿ. ಕಿಟ್‌ನ ಪುಟ್ಟ ಕೊಳವೆಗೆ ಬಾವಿಯ ನೀರು ತುಂಬಿ, ಅದರಲ್ಲಿ ಹೇಳಿದಷ್ಟು ಹನಿ ಓ.ಟಿ. ದ್ರಾವಣ ಬಿಟ್ಟು, ಹಳದಿ ಬಣ್ಣವನ್ನು ಹತ್ತು ಸೆಕೆಂಡಿನೊಳಗೆ ಕಿಟ್‌ನ ಬಣ್ಣದ ಪಟ್ಟಿಗೆ ಹೋಲಿಸಿ. ತಡವಾದರೆ ಬಣ್ಣ ಗಾಢವಾಗಿ ಲೆಕ್ಕ ತಪ್ಪುತ್ತದೆ. ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಕಡಿಮೆಯಿದ್ದರೆ ಕೊಳೆ, ಕಬ್ಬಿಣದ ಅಂಶ ಕ್ಲೋರಿನ್ನನ್ನು ತಿಂದಿದೆ ಎಂದರ್ಥ, ಮತ್ತೆ ಹಾಕಿ. ಆ ಕೊಳವೆಯ ನೀರನ್ನು ಕುಡಿಯಬೇಡಿ, ಬಾವಿಗೂ ಚೆಲ್ಲಬೇಡಿ.

ನೆರೆ ನುಗ್ಗಿ ರಾಡಿಯಾದ ಬಾವಿಗೆ ಈ ಅಳತೆ ಸಾಲದು. ಮೊದಲು ನೀರು ಖಾಲಿ ಮಾಡಿಸಿ, ಹೂಳು ತೆಗೆಸಿ. ಊರಲ್ಲಿ ಕಾಲರಾ ಕಾಣಿಸಿದರೆ ದಿನವೂ ಹಾಕಬೇಕು. ಹದಿನೈದು ಮೀಟರಿನೊಳಗೆ ಶೌಚದ ಗುಂಡಿಯಿದ್ದರೆ ಪಂಚಾಯಿತಿಗೆ ಅಂದೇ ಅರ್ಜಿ ಕೊಡಿ.