ಅವಳ ಮಾತಿಗೊಂದು ಚೀಟಿ: ಕಲಬುರಗಿ ಸೀಮೆಯ ಹೆಂಗಸರ ನುಡಿ ಕೂಡಿಸುವ ಬಗೆ

ಆಸ್ಟ್ರೇಲಿಯಾದ ಲೇಖಕಿ ಪಿಪ್ ವಿಲಿಯಮ್ಸ್ ಅವರ 'ದಿ ಡಿಕ್ಷನರಿ ಆಫ್ ಲಾಸ್ಟ್ ವರ್ಡ್ಸ್' (2020) ಕಾದಂಬರಿಯ ಎಸ್ಮೆ, ಆಕ್ಸ್‌ಫರ್ಡ್ ನಿಘಂಟು ಕಟ್ಟುವವರ ಮೇಜಿನ ಕೆಳಗೆ ಕೂತು ಬೆಳೆದವಳು. ಅಚ್ಚಾದ ಪುಸ್ತಕದಲ್ಲಿ ಸಿಗದ ಪದಕ್ಕೆ ಆ ನಿಘಂಟಿನಲ್ಲಿ ಜಾಗ ಕಷ್ಟ. ಸಂತೆಯ ಮುದುಕಿ, ಮನೆಗೆಲಸದ ಲಿಜ್ಜಿ ಆಡುವ ಮಾತನ್ನು ಎಸ್ಮೆ ತಾನೇ ಚೀಟಿಗಿಳಿಸುತ್ತಾಳೆ. ಆ ಕ್ರಮ ನಮ್ಮ ಊರಿಗೂ ಚೆನ್ನಾಗಿ ಒಗ್ಗುತ್ತದೆ.

ಎ4 ಹಾಳೆಯನ್ನು ನಾಲ್ಕಾಗಿ ಕತ್ತರಿಸಿದರೆ ಹೆಚ್ಚುಕಮ್ಮಿ 6×4 ಇಂಚಿನ ಚೀಟಿ. 25 ಹಾಳೆಗೆ 100 ಚೀಟಿ. ತೆಳು ಕಾಗದ ಬೇಡ, ಡಬ್ಬಿಯಲ್ಲಿ ನಿಲ್ಲದೆ ಮಡಚಿಕೊಳ್ಳುತ್ತದೆ. ಒಂದು ಚೀಟಿಗೆ ಒಂದೇ ಪದ, ಬರೆಯುವುದು ಒಂದೇ ಮಗ್ಗಲಿಗೆ; ಹಿಂಬದಿ ಆಮೇಲಿನ ಗುರುತಿಗಷ್ಟೇ. ಎರಡು ಪದ ಬರೆದಿರೋ, ಅಕಾರಾದಿ ಜೋಡಿಸುವಾಗ ಒಂದು ಕಳೆದೇ ಹೋಗುತ್ತದೆ.

ಕೇಳುವ ರೀತಿಯಲ್ಲೇ ಮೊದಲ ಎಡವಟ್ಟು. "ಆಯಿ, ಹಳೀ ಪದ ಹೇಳ್ರಿ" ಅಂದರೆ ಬೀಸುಕಲ್ಲಿನ ಹಾಡು ಶುರುವಾಗುತ್ತದೆ, ಏಕೆಂದರೆ ನಮ್ಮ ಕಡೆ ಪದ ಅಂದರೆ ಹಾಡು. (ಹಾಡನ್ನೂ ಬಿಡಬೇಡಿ, ಅದಕ್ಕೆ ಬೇರೆ ವಹಿ ಇಡಿ.) ವಸ್ತುವನ್ನೋ ಕೆಲಸವನ್ನೋ ತೋರಿಸಿ "ಇದಕ್ಕ ಏನಂತೀರಿ?" ಎಂದು ಕೇಳಿ. ರೊಟ್ಟಿ ಬಡಿಯುವ ಹೊತ್ತಿನಲ್ಲಿ ಮೊಬೈಲ್ ರೆಕಾರ್ಡಿಂಗ್ ಕೆಲಸಕ್ಕೆ ಬಾರದು, ಬಡಿತದ ಸದ್ದಿನಲ್ಲಿ ಮಾತು ಮುಳುಗುತ್ತದೆ. ಆಗ ಸುಮ್ಮನೆ ನೋಡಿ, ಮಧ್ಯಾಹ್ನ ಕೇಳಿ. ಎಲ್ಲಕ್ಕಿಂತ ಒಳ್ಳೆಯದು ಕೌದಿ ಹೊಲಿಯುವ ಹೊತ್ತು: ಕೈಗೆ ಕೆಲಸ, ಬಾಯಿಗೆ ಬಿಡುವು. ಮನೆಯ ಗಂಡಸರು ನಡುವೆ ಬಾಯಿ ಹಾಕಿ "ಅದಕ್ಕ ಹಂಗಲ್ಲ, ಹಿಂಗ ಅಂತಾರ" ಎಂದು ತಿದ್ದಿದರೆ ಅದನ್ನೂ ಬರೆಯಿರಿ, ಆದರೆ ಬೇರೆ ಚೀಟಿಯಲ್ಲಿ.

ಮೊದಲು ಅವಳಾಡಿದ ವಾಕ್ಯ, ಅರ್ಥ ಕಡೆಗೆ. ಅರ್ಥ ಮೊದಲು ಬರೆದರೆ ವಾಕ್ಯವನ್ನು ಅದಕ್ಕೆ ತಕ್ಕಂತೆ ನಾವೇ ತಿದ್ದಿಬಿಡುತ್ತೇವೆ. ತುಂಬಿದ ಚೀಟಿ ಹೀಗಿರಬೇಕು:

ಜಿಗಿ
"ಈ ಹಿಟ್ಟಿಗಿ ಜಿಗಿನೇ ಇಲ್ಲ ನೋಡವ್ವಾ, ಬಡಿಲಿಕ್ಕ ಹೋದ್ರ ಅಂಚು ಸೀಳ್ತದ."
ರೊಟ್ಟಿ ಮಾರುವ ಹೆಂಗಸು, ಅಂದಾಜು 60 ವರ್ಷ. ಇರುವುದು ಆಳಂದ, ತವರು ಬಸವಕಲ್ಯಾಣ ಕಡೆ.
ತಾರೀಖು. ಎಸರು ಹಾಕಿ ಜೋಳದ ಹಿಟ್ಟು ನಾದುವಾಗ.
ಅರ್ಥ: ಹಿಟ್ಟು ಒಡೆಯದೆ ಹಿಗ್ಗುವ ಗುಣ.

ಇಲ್ಲಿ 'ಅಂಟು' ಎಂದು ಬರೆದು ಕೈತೊಳೆದುಕೊಂಡರೆ ಸಾಲದು. ಜೋಳದಲ್ಲಿ ಗೋಧಿಯಂತೆ ಗ್ಲುಟೆನ್ ಇಲ್ಲ. ಕುದಿವ ನೀರಿಗೆ ಪಿಷ್ಟ ಬೆಂದು ಹಿಟ್ಟು ಹಿಡಿದುಕೊಳ್ಳುತ್ತದೆ. ಆಕೆ ಹೇಳುತ್ತಿರುವುದು ಆ ಹಿಡಿತದ ಮಾತು.

ತವರಿನ ಸಾಲು ಬಿಡಲೇಬೇಡಿ. ಗಂಡನ ಊರಿನಲ್ಲಿ ಕೇಳಿದ ಪದ ಆ ಊರಿನದೇ ಆಗಿರಬೇಕೆಂದಿಲ್ಲ, ಮದುವೆಯಾಗಿ ಬಂದವಳ ಸಂಗಡ ಬಂದಿರುತ್ತದೆ. ಭಾಲ್ಕಿ, ಔರಾದ ಕಡೆ ಮರಾಠಿ, ಗುರುಮಠಕಲ್ ಕಡೆ ತೆಲುಗು, ಎಲ್ಲ ಕಡೆಗೂ ಉರ್ದು ಬೆರೆತಿದೆ. 'ಬರಕತ್' (ಏಳಿಗೆ, ಸಮೃದ್ಧಿ) ಕನ್ನಡವಲ್ಲ ಎಂದು ಚೀಟಿ ಹರಿಯುವವರು ಈ ಕೆಲಸಕ್ಕೆ ಕೈಹಾಕದಿರುವುದೇ ಒಳ್ಳೆಯದು.

ಹೊರಗಾಗುವುದು, ಕಳ್ಳಕುಬಸ (ಬಸುರಿಗೆ ಗುಟ್ಟಾಗಿ ಕುಬಸ ಮಾಡುವ ಶಾಸ್ತ್ರ), ಬಾಣಂತನ, ಬೈಗುಳ: ಇವು ಮೊದಲ ಭೇಟಿಯಲ್ಲಿ ಬರುವುದಿಲ್ಲ. ಕೆದಕಬೇಡಿ. ಬಂದಾಗ ನಾಚಿಕೆಯಿಂದ ಮೆದುಗೊಳಿಸಬೇಡಿ. ಎಸ್ಮೆ ತನ್ನ ಚೀಟಿಗೆ ಆಡಿದವಳ ಹೆಸರು ಬರೆಯುತ್ತಾಳೆ. ನೀವು ಕೇಳಿಯೇ ಬರೆಯಿರಿ, ಬೇಡ ಅಂದರೆ ವಯಸ್ಸು, ಕೆಲಸ ಸಾಕು.

ತಲೆಪದವನ್ನು ಅವಳು ಅಂದಂತೆಯೇ ಇಡಿ: 'ಮನಿ'. ಮೂಲೆಯಲ್ಲಿ 'ಮನೆ' ಎಂದು ಬರೆದರೆ ಹುಡುಕಲು ಸುಲಭ. ಆಮೇಲೆ ಕಿಟ್ಟೆಲ್ ನಿಘಂಟು (1894), ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟ ನೋಡಿ, ಹಿಂಬದಿಗೆ 'ಇದೆ', 'ಇಲ್ಲ', 'ಅರ್ಥ ಬೇರೆ' ಎಂದು ಗುರುತು ಹಾಕಿ. ಮೂರನೆಯ ಗುರುತಿನವು ಚಿನ್ನ.

ಒಂದೆರಡು ವಾರ ಬಿಟ್ಟು ಚೀಟಿ ಹಿಡಿದು ಅವಳಲ್ಲಿಗೇ ಹೋಗಿ ಓದಿ ಹೇಳಿ. "ಅಯ್ಯ, ಹಂಗಲ್ಲ" ಅಂದರೆ ಹಳೆಯದನ್ನು ಹೊಡೆದುಹಾಕದೆ, ಕೆಳಗೆ ಬೇರೆ ಶಾಯಿಯಲ್ಲಿ ಅವಳ ತಿದ್ದುಪಡಿ ಬರೆದು ತಾರೀಖು ಹಾಕಿ.