ಒಂಬತ್ತು ಅಂಕದ ಶಾಲೆ ಬಿಟ್ಟು ಆರು ಅಂಕದ ಶಾಲೆ ಹಿಡಿದೆ: ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿ ನನ್ನ ಅನುಭವ

2024ರ ಏಪ್ರಿಲ್‌ನಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿರುವ ನಮ್ಮ ಕೌಂಟಿಯ ಆರು ಮಿಡ್ಲ್ ಸ್ಕೂಲುಗಳ ಹೆಸರು ಬರೆದು, ಆ ವರ್ಷದ ರಾಜ್ಯಮಟ್ಟದ ಪರೀಕ್ಷೆ ಎಸ್‌ಒಎಲ್ ಫಲಿತಾಂಶದಲ್ಲಿ ಯಾವುದು ಏರುತ್ತದೆ, ಯಾವುದು ಇಳಿಯುತ್ತದೆ ಎಂದು ಪರಿಚಯದ ನಾಲ್ಕು ಕನ್ನಡ ಮನೆಗಳಿಗೆ ಕಳುಹಿಸಿದ್ದೆ. ಫಲಿತಾಂಶ ಬಂದಾಗ ಆರರಲ್ಲಿ ಐದು ನಾನು ಹೇಳಿದಂತೆಯೇ ಆಗಿದ್ದವು. ಅಲ್ಲಿಯವರೆಗೆ "ಅಕ್ಕ, ವೆಬ್‌ಸೈಟಿನಲ್ಲಿ ಶಾಲೆಗೆ ಹತ್ತಕ್ಕೆ ಒಂಬತ್ತು ಅಂಕ ಎಂದಿದ್ದರೆ ಒಂಬತ್ತೇ, ಇದರಲ್ಲಿ ಲೆಕ್ಕ ಮಾಡುವುದೇನಿದೆ?" ಎನ್ನುತ್ತಿದ್ದವರು ಈಗ ನನ್ನ ಲೆಕ್ಕದ ಹಾಳೆ ಕೇಳುತ್ತಿದ್ದಾರೆ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ದುಡ್ಡು ಕಳೆದುಕೊಂಡ ಕಥೆ. 2022ರಲ್ಲಿ ಮಗನಿಗಾಗಿ ಒಂಬತ್ತು ಅಂಕದ ಶಾಲೆಯ ವ್ಯಾಪ್ತಿಯಲ್ಲೇ ಮನೆ ಹಿಡಿದೆವು. ತಿಂಗಳಿಗೆ 450 ಡಾಲರ್ ಹೆಚ್ಚು ಬಾಡಿಗೆ, ಎರಡು ವರ್ಷ. ಹತ್ತಿರ ಹತ್ತಿರ 11,000 ಡಾಲರ್. ಆ ಶಾಲೆ ಎಎಪಿ ಸೆಂಟರ್, ಅಂದರೆ ಮುಂದುವರಿದ ಕಲಿಕೆಗೆ ಆಯ್ಕೆಯಾದ ಮಕ್ಕಳ ಕೇಂದ್ರ. ಸುತ್ತಲಿನ ಶಾಲೆಗಳ ವ್ಯಾಪ್ತಿಯಿಂದ ಆಯ್ಕೆಯಾದ ಮಕ್ಕಳು ಬಸ್ಸಿನಲ್ಲಿ ಅಲ್ಲಿಗೆ ಬರುತ್ತಾರೆ, ಒಂಬತ್ತರ ಬಹುಭಾಗ ಅವರದೇ. ನನ್ನ ಮಗ ಸಾಮಾನ್ಯ ವಿಭಾಗದಲ್ಲಿದ್ದ. ಆ ವಿಭಾಗದ ಮಕ್ಕಳು ಹೇಗೆ ಕಲಿಯುತ್ತಿದ್ದಾರೆ ಎಂಬುದನ್ನು ಆ ಒಂಬತ್ತು ಹೇಳುವುದೇ ಇಲ್ಲ. ಅದಕ್ಕೂ ಮೊದಲು ಅಂಚೆ ಪಿನ್ ನೋಡಿ ಒಂದು ಟೌನ್‌ಹೌಸಿಗೆ ಮುಂಗಡ ಕೊಟ್ಟು 500 ಡಾಲರ್ ಕಳೆದುಕೊಂಡಿದ್ದೆ. ವಿಳಾಸದಲ್ಲಿ ಫಾಲ್ಸ್ ಚರ್ಚ್ ಎಂದಿರುವ ಎಷ್ಟೋ ಮನೆಗಳು ಆ ನಗರದ ಶಾಲಾ ವ್ಯವಸ್ಥೆಗೆ ಸೇರುವುದಿಲ್ಲ, ಕೌಂಟಿಗೆ ಸೇರುತ್ತವೆ. ಮನೆ ನಂಬರ್ ಹಾಕಿ ಯಾವ ಶಾಲೆಗೆ ಸೇರುತ್ತದೆ ಎಂದು ಹುಡುಕದೆ ಒಂದು ಡಾಲರನ್ನೂ ಕೊಡಬೇಡಿ.

ಮಗಳ ಸರದಿ ಬಂದಾಗ ನಾನೇ ಕುಳಿತೆ. ಮೈಸೂರಿನಲ್ಲಿ ಎಂಟು ವರ್ಷ ಲೆಕ್ಕಪರಿಶೋಧನೆ ಮಾಡಿದವಳು, ಅಂಕಿಗಳಿಗೆ ಹೆದರುವವಳಲ್ಲ. ರಾಜ್ಯ ಶಿಕ್ಷಣ ಇಲಾಖೆಯ ಕೋಷ್ಟಕಗಳನ್ನು ಇಳಿಸಿಕೊಂಡು ಎಂಟನೆಯ ತರಗತಿಯ ಗಣಿತದ ಉತ್ತೀರ್ಣ ಪ್ರಮಾಣವನ್ನು ಸಾಲಾಗಿ ಜೋಡಿಸಿದೆ. ಎಲ್ಲರೂ ಹೊಗಳುವ ಒಂದು ಶಾಲೆ ತಳದಲ್ಲಿ ಬಂದು ಕುಳಿತಿತು. ಮೂರು ವಾರ ತಲೆ ಕೆಡಿಸಿಕೊಂಡ ಮೇಲೆ ತಪ್ಪು ಸಿಕ್ಕಿತು. ಇಲ್ಲಿ ಮಗು ತಾನು ಓದುತ್ತಿರುವ ಗಣಿತದ ಪರೀಕ್ಷೆ ಬರೆಯುತ್ತದೆ, ತನ್ನ ತರಗತಿಯದ್ದನ್ನಲ್ಲ. ಚುರುಕಾದವರು ಎಂಟರಲ್ಲೇ ಬೀಜಗಣಿತವನ್ನೋ, ಕೆಲವರು ರೇಖಾಗಣಿತವನ್ನೋ ಬರೆಯುತ್ತಾರೆ. ಎಂಟನೆಯ ತರಗತಿಯ ಗಣಿತ ಬರೆಯಲು ಉಳಿಯುವವರು ಹಿಂದುಳಿದ ಮಕ್ಕಳು. ಶಾಲೆ ಎಷ್ಟು ಹೆಚ್ಚು ಮಕ್ಕಳನ್ನು ಮುಂದಕ್ಕೆ ಕಳುಹಿಸುತ್ತದೋ ಈ ಒಂದು ಅಂಕಿ ಅಷ್ಟು ಕೆಳಗಿಳಿಯುತ್ತದೆ! ಅಂದಿನಿಂದ ಒಂದೇ ಪರೀಕ್ಷೆಯ ಪ್ರಮಾಣವನ್ನು ನಾನು ಮುಟ್ಟಿಲ್ಲ. ಎಂಟನೆಯ ತರಗತಿಯ ಎಲ್ಲ ಮಕ್ಕಳನ್ನು ಛೇದದಲ್ಲಿಟ್ಟು, ಅವರಲ್ಲಿ ಎಷ್ಟು ಜನ ಬೀಜಗಣಿತ ಅಥವಾ ಅದಕ್ಕೂ ಮೇಲಿನದನ್ನು ಬರೆದು, ಉತ್ತೀರ್ಣಕ್ಕೆ ಬೇಕಿದ್ದ 400 ದಾಟಿದರು ಎಂದು ನೋಡುತ್ತೇನೆ. ಅದಕ್ಕೂ ಮೇಲಿನ ಮಟ್ಟವಾದ 500 ದಾಟಿದವರಿಗೆ ಬೇರೆ ಕಾಲಂ.

ಎರಡನೆಯದು, ಸರಾಸರಿಯನ್ನು ಒಡೆಯುವುದು. ಕಡಿಮೆ ಆದಾಯದ ಮನೆಯ ಮಕ್ಕಳನ್ನು ಇನ್ನೊಂದು ಶಾಲೆಯ ಅಂಥದೇ ಮಕ್ಕಳೊಂದಿಗೆ, ಇಂಗ್ಲಿಷ್ ಕಲಿಯುತ್ತಿರುವವರನ್ನು ಅಂಥವರೊಂದಿಗೆ ಮಾತ್ರ ಹೋಲಿಸಿದೆ. ಹತ್ತಕ್ಕಿಂತ ಕಡಿಮೆ ಮಕ್ಕಳಿರುವ ಕಡೆ ಇಲಾಖೆ ಅಂಕಿಯನ್ನೇ ಮುಚ್ಚಿಡುತ್ತದೆ. ಅಂಥ ಕಡೆ ಮೂಗು ತೂರಿಸದೆ ಖಾಲಿ ಬಿಟ್ಟೆ. ಇಲ್ಲೇ ಪಟ್ಟಿ ತಲೆಕೆಳಗಾಯಿತು. ಆರು ಅಂಕದ ಒಂದು ಶಾಲೆಯಲ್ಲಿ ಪ್ರತಿ ಗುಂಪಿನ ಮಕ್ಕಳೂ ನನ್ನ ಮಗನ ಶಾಲೆಯ ಅದೇ ಗುಂಪಿನವರಿಗಿಂತ ಏಳೆಂಟು ಶೇಕಡಾ ಮುಂದಿದ್ದರು.

ಮೂರನೆಯದೇ ನನ್ನ ಹೆಮ್ಮೆ: ಅದೇ ಮಕ್ಕಳನ್ನು ವರ್ಷದಿಂದ ವರ್ಷಕ್ಕೆ ಹಿಂಬಾಲಿಸುವುದು. ಫೇರ್‌ಫ್ಯಾಕ್ಸಿನಲ್ಲಿ ಬಹುತೇಕ ಮಿಡ್ಲ್ ಸ್ಕೂಲುಗಳಲ್ಲಿರುವುದು ಏಳು, ಎಂಟು ತರಗತಿ ಮಾತ್ರ. ಹಾಗಾಗಿ ಮಕ್ಕಳು ಅಲ್ಲಿಗೆ ಕಾಲಿಡುವ ಮೊದಲಿನ ಅಳತೆ ಪ್ರಾಥಮಿಕ ಶಾಲೆಗಳ ಆರನೆಯ ತರಗತಿಯಲ್ಲಿ ಸಿಗುತ್ತದೆ. 2022ರ ಆರನೆಯವರು, 2023ರ ಏಳನೆಯವರು, 2024ರ ಎಂಟನೆಯವರು ಹೆಚ್ಚುಕಡಿಮೆ ಅದೇ ಮಕ್ಕಳು. 2020ರಲ್ಲಿ ಪರೀಕ್ಷೆಯೇ ನಡೆಯಲಿಲ್ಲ, 2021ರಲ್ಲಿ ಬಹಳ ಮಕ್ಕಳು ಬರೆಯಲಿಲ್ಲ. ಆ ಎರಡನ್ನೂ ಎಸೆದೆ. ತೊಡಕು ಒಂದೇ: ಕೆಲವು ಪ್ರಾಥಮಿಕ ಶಾಲೆಗಳ ಮಕ್ಕಳು ಎರಡು ಮಿಡ್ಲ್ ಸ್ಕೂಲುಗಳಿಗೆ ಹಂಚಿಹೋಗುತ್ತಾರೆ. ಆ ಪಾಲನ್ನು ಹೇಗೆ ಗೊತ್ತುಮಾಡಿಕೊಂಡೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಆರು ತಿಂಗಳ ರಾತ್ರಿಗಳು ಅದರಲ್ಲಿವೆ. ತಪ್ಪಾದ ಆ ಒಂದು ಶಾಲೆಯಲ್ಲಿ ತಪ್ಪಿದ್ದೂ ಇದೇ ಪಾಲು.

ಇದೇ ಹುಮ್ಮಸ್ಸಿನಲ್ಲಿ ಪಕ್ಕದ ಲೌಡನ್ ಕೌಂಟಿಗೂ ಕೈ ಹಾಕಿದೆ. ಅಲ್ಲಿ ಮಿಡ್ಲ್ ಸ್ಕೂಲು ಆರರಿಂದಲೇ ಶುರು, ಆದ್ದರಿಂದ ಐದನೆಯ ತರಗತಿಯಿಂದ ಹಿಡಿಯಬೇಕು. ಮೂರು ವರ್ಷಗಳಲ್ಲಿ ಮನೆ ಬದಲಿಸಿದವರೇ ಹೆಚ್ಚಾಗಿ ಲೆಕ್ಕ ಕದಡಿಹೋಯಿತು, ಬಿಟ್ಟೆ. ಇನ್ನೊಂದು ಪ್ರಯೋಗ ಫಲ ಕೊಟ್ಟಿತು. ನಾಲ್ಕು ಶಾಲೆಗಳ ಮಕ್ಕಳ ಬ್ಯಾಂಡ್ ಸಂಗೀತ ಕಛೇರಿಗೆ ಹೋಗಿ ಕುಳಿತೆ. ಕಛೇರಿ ಮುಗಿದ ಮೇಲೆ ಶಿಕ್ಷಕರು ಎಷ್ಟು ಮಕ್ಕಳನ್ನು ಹೆಸರು ಹಿಡಿದು ಮಾತನಾಡಿಸುತ್ತಾರೆ ಎಂದು ಎಣಿಸಿದೆ. ಪಟ್ಟಿಯಲ್ಲಿ ಮೇಲಿದ್ದ ಶಾಲೆಯೇ ಇಲ್ಲೂ ಮೇಲೆ ಬಂತು. ನಮ್ಮ ಯಜಮಾನರಿಗೆ ನಂಬಿಕೆ ಬಂದದ್ದು ನನ್ನ ಕೋಷ್ಟಕದಿಂದಲ್ಲ, ಆ ಸಂಜೆಯಿಂದ.

ವಿಜ್ಞಾನ, ತಂತ್ರಜ್ಞಾನಕ್ಕೆ ಹೆಸರಾದ, ಆಯ್ಕೆ ಮಾಡಿ ಸೇರಿಸಿಕೊಳ್ಳುವ ಥಾಮಸ್ ಜೆಫರ್ಸನ್ ಹೈಸ್ಕೂಲಿನ ಆಸೆಯಿಂದ ಸೆಂಟರ್ ಶಾಲೆಗೇ ಮುಗಿಬೀಳುವವರಿಗೆ ಒಂದು ಮಾತು. 2020ರಲ್ಲಿ ಪ್ರವೇಶದ ನಿಯಮ ಬದಲಾಯಿತು. ಪ್ರತಿ ಸಾರ್ವಜನಿಕ ಮಿಡ್ಲ್ ಸ್ಕೂಲಿಗೂ ಅದರ ಎಂಟನೆಯ ತರಗತಿಯ ಶೇಕಡಾ 1.5ರಷ್ಟು ಸೀಟು ಮೀಸಲು. ಪ್ರಕರಣ ನ್ಯಾಯಾಲಯಕ್ಕೆ ಹೋಯಿತು, 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ, ನಿಯಮ ಉಳಿಯಿತು. ಪೈಪೋಟಿ ದಟ್ಟವಾಗಿರುವ ಕಡೆಗೇ ಹೆಚ್ಚು ಬಾಡಿಗೆ ಕೊಟ್ಟು ಹೋಗುವುದರಲ್ಲಿ ನನಗೆ ಅರ್ಥ ಕಾಣಲಿಲ್ಲ.

ಜೂನ್‌ನಲ್ಲಿ, ಫಲಿತಾಂಶಕ್ಕೆ ಮೊದಲೇ, ಆರು ಅಂಕದ ಆ ಶಾಲೆಯ ವ್ಯಾಪ್ತಿಯಲ್ಲಿ ಮನೆ ಹಿಡಿದೆವು. ಬಾಡಿಗೆ ಹಿಂದಿಗಿಂತ ಸುಮಾರು 500 ಡಾಲರ್ ಕಡಿಮೆ. ಮಗಳು ಏಳರಲ್ಲಿ ಎರಡನೆಯ ತಿಂಗಳೇ ಗಣಿತ ಶಿಕ್ಷಕಿಯ ಸಲಹೆಯ ಮೇಲೆ ಮೇಲಿನ ವಿಭಾಗಕ್ಕೆ ಹೋದಳು. ಮುಂದಿನ ಏಪ್ರಿಲ್‌ಗೆ ಹತ್ತು ಶಾಲೆಗಳ ಊಹೆ ಬರೆದಿಡುವ ಕೆಲಸ ಈಗಾಗಲೇ ಶುರುಮಾಡಿದ್ದೇನೆ.