ವೂವ್ರೇ ಬಾಟಲಿ ಆರಿಸುವ ಬಗೆ
ಶೆನಿನ್ ಬ್ಲಾಂ ದ್ರಾಕ್ಷಿಯ ನಿಜವಾದ ರುಚಿ ಬೇಕಾದರೆ ಫ್ರಾನ್ಸಿನ ಲ್ವಾರ್ ನದಿ ದಂಡೆಯ ವೂವ್ರೇ ವೈನನ್ನೇ ಹುಡುಕಿ. ಮೊದಲು ಲೇಬಲ್ ಓದಿ: 'ಸೆಕ್' ಸಿಹಿಯಿಲ್ಲದ್ದು, 'ಡೆಮಿ-ಸೆಕ್' ಅರೆಸಿಹಿ, 'ಮ್ವಲ್ಯೂ' ಸಿಹಿ. ನಾನಂತೂ ಸದಾ ಡೆಮಿ-ಸೆಕ್ ಕಡೆಗೇ ಕೈಚಾಚುತ್ತೇನೆ. ಈ ದ್ರಾಕ್ಷಿಯ ಹುಳಿ ಎಷ್ಟು ಗಟ್ಟಿಯೆಂದರೆ, ಸಿಹಿ ನಾಲಿಗೆಗೆ ಅಂಟುವುದೇ ಇಲ್ಲ. ಒಳ್ಳೆಯ ವರ್ಷದ ಬಾಟಲಿ ದಶಕಗಳ ಕಾಲ ಬಾಳುವುದೂ ಆ ಹುಳಿಯ ಬಲದಿಂದಲೇ. ಹಳತಾದಂತೆ ಜೇನಿನ ಪರಿಮಳ ಏಳುತ್ತದೆ.

ದಯವಿಟ್ಟು ಮಂಜಿನಷ್ಟು ತಣ್ಣಗೆ ಮಾಡಬೇಡಿ, ಪರಿಮಳವೆಲ್ಲ ಮುಚ್ಚಿಹೋಗುತ್ತದೆ. ಸ್ವಲ್ಪ ಮೊದಲೇ ಫ್ರಿಜ್‌ನಿಂದ ಹೊರತೆಗೆಯಿರಿ. 10ರಿಂದ 12 ಡಿಗ್ರಿ ಸಾಕು. ಜೊತೆಗೆ ವೂವ್ರೇ ಇರುವ ಅದೇ ತೂರೆನ್ ಸೀಮೆಯ ಮೇಕೆ ಹಾಲಿನ ಚೀಸ್ ಸೇಂತ್-ಮೋರ್ ಸಿಕ್ಕರೆ ಬಿಡಬೇಡಿ. ನಾಸಿಕ್‌ನ ಶೆನಿನ್ ಬ್ಲಾಂ ಕೊಂಡರೆ ಮಾತ್ರ ಕೂಡಿಡದೆ, ಎಳೆಯದಿರುವಾಗಲೇ ಕುಡಿಯಿರಿ.